ಕಟ್ಟಿಕೊಟ್ಟ ಬುತ್ತಿ, ಬರೆದುಕೊಟ್ಟ ಅರಿವು

ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಮಗಳನ್ನು ಗಂಡನ ಮನೆಗೆ ಕಳಿಸುವಾಗಲೋ ಮಗನನ್ನು ಪರಊರಿಗೆ ಕೆಲಸಕ್ಕೆ ಅಟ್ಟುವಾಗಲೋ ಹುಟ್ಟಿದ ಮಾತಿರಬೇಕು. ಈ ಗಾದೆಯನ್ನು ಸುಳ್ಳು ಮಾಡಲೆಂದೇ ಬೆಂಗಳೂರಿನ ಅಂಚಿನಲ್ಲಿ ಕಳೆದ ಮೂರು ದಶಕಗಳಿಂದ ದೊಡ್ಡ ಪ್ರಯತ್ನವೊಂದು ನಡೆಯುತ್ತಿದೆ. ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ಅದಕ್ಕೆ ‘ನಾಲೆಡ್ಜ್ ಮ್ಯಾನೇಜ್‌ಮೆಂಟ್’ ಎಂದು ಹೆಸರು. ನೌಕರರ ತಲೆಯಲ್ಲಿರುವ ಅರಿವನ್ನು ಕಂಪನಿಯ ಕಪಾಟಿಗೆ ತಂದಿಡುವುದು, ಒಬ್ಬ ಹೋದರೂ ಅವನು ಕಲಿತದ್ದು ಹೋಗದಂತೆ ನೋಡಿಕೊಳ್ಳುವುದು ಅದರ ಉದ್ದೇಶ. ಕೇಳಲು ಸರಳ. ಆದರೆ ಕೆಲವೆಡೆ ಇದು ಫಲಿಸಿತು, ಹಲವೆಡೆ ಮುಗ್ಗರಿಸಿತು. ಏಕೆ ಹಾಗಾಯಿತು ಎಂದು ತಿಳಿಯಲು ಕಂಪ್ಯೂಟರಿನಿಂದ ಅಲ್ಲ, ಲೇಥ್ ಯಂತ್ರದಿಂದ ಆರಂಭಿಸುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

1953ರಲ್ಲಿ ಜಾಲಹಳ್ಳಿಯಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸ್ಥಾಪನೆಯಾಯಿತು. ಯಂತ್ರಗಳನ್ನು ತಯಾರಿಸುವ ಯಂತ್ರಗಳನ್ನು ತಯಾರಿಸುವುದು ಅದರ ಕೆಲಸ. ತಿಳಿವಳಿಕೆ ಬಂದದ್ದು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯಿಂದ. ನಕ್ಷೆಗಳು ಬಂದವು, ಯಂತ್ರಗಳು ಬಂದವು, ಅವುಗಳ ಜೊತೆಗೆ ಸ್ವಿಸ್ ಕುಶಲಕರ್ಮಿಗಳೂ ಬಂದರು. ಈ ಕೊನೆಯದನ್ನು ನಾವು ಗಮನಿಸಬೇಕು. ನಕ್ಷೆ ಸಾಕಾಗಿದ್ದರೆ ಅಂಚೆಯಲ್ಲಿ ಕಳಿಸಿದ್ದರೆ ಆಗುತ್ತಿತ್ತು. ಮಿಲಿಮೀಟರಿನ ನೂರನೇ ಒಂದು ಭಾಗದ ನಿಖರತೆಗೆ ಕಬ್ಬಿಣದ ಮೇಲ್ಮೈಯನ್ನು ಕೈಯಿಂದ ಹೆರೆದು ಸಮ ಮಾಡುವ ಕೆಲಸ ಯಾವ ನಕ್ಷೆಯಲ್ಲೂ ಇರುವುದಿಲ್ಲ. ಅದು ಪಕ್ಕದಲ್ಲಿ ನಿಂತವನ ಮಣಿಕಟ್ಟಿನಲ್ಲಿರುತ್ತದೆ. ಮೈಸೂರು ಸೀಮೆಯ ಹಳ್ಳಿಗಳಿಂದ ಬಂದ ಹುಡುಗರು ಅದನ್ನು ನೋಡಿ, ತಪ್ಪಿ, ಬೈಸಿಕೊಂಡು ಕಲಿತರು. ಎಷ್ಟು ಕಲಿತರೆಂದರೆ, 1961ರಲ್ಲಿ ಎಚ್‌ಎಂಟಿ ತನ್ನ ಎರಡನೆಯ ಕಾರ್ಖಾನೆಯನ್ನು ತನ್ನದೇ ಗಳಿಕೆಯಿಂದ, ತನ್ನದೇ ಎಂಜಿನಿಯರುಗಳಿಂದ ಕಟ್ಟಿಕೊಂಡಿತು. ಸಂಸ್ಥೆಯನ್ನು ನಡೆಸಿದ ಎಸ್.ಎಂ. ಪಾಟೀಲರ ಹೆಸರನ್ನು ಯಂತ್ರೋಪಕರಣ ಉದ್ಯಮದವರು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಮುಂದೆ ಪಿಂಜೋರ್, ಕಳಮಶ್ಶೇರಿ, ಹೈದರಾಬಾದ್‌ಗಳಲ್ಲಿ ಘಟಕಗಳು ಎದ್ದಾಗ ಜಾಲಹಳ್ಳಿಯಿಂದ ಹೋದ ಜನರೇ ಅಲ್ಲಿನ ಗುರುಗಳಾದರು. ಸ್ವಿಸ್‌ನಿಂದ ಜಾಲಹಳ್ಳಿಗೆ, ಜಾಲಹಳ್ಳಿಯಿಂದ ದೇಶಕ್ಕೆ. ‘ನಾಲೆಡ್ಜ್ ಮ್ಯಾನೇಜ್‌ಮೆಂಟ್’ ಎಂಬ ಪದ ಹುಟ್ಟುವುದಕ್ಕೆ ಮೂರು ದಶಕ ಮೊದಲೇ ಅದು ನಡೆದಿತ್ತು.

ಅದೇ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರವೂ ಬಂತು. ಎಚ್‌ಎಂಟಿ ಗಡಿಯಾರದ ಬಗ್ಗೆ ಹೇಳಬೇಕಾದ್ದಿಲ್ಲ. ಒಂದು ತಲೆಮಾರಿನ ಮದುವೆ ಉಡುಗೊರೆ ಅದು. ಆದರೆ ಲೋಕ ಕ್ವಾರ್ಟ್ಝ್ ಗಡಿಯಾರದತ್ತ ಹೊರಳಿದಾಗ ಎಚ್‌ಎಂಟಿಯ ಮನಸ್ಸು ಕೀಲಿ ಕೊಡುವ ಗಡಿಯಾರದಲ್ಲೇ ಉಳಿಯಿತು. ಕ್ವಾರ್ಟ್ಝ್ ಅದಕ್ಕೆ ಗೊತ್ತಿರಲಿಲ್ಲವೆಂದಲ್ಲ, ತಾನೂ ತಯಾರಿಸಿತ್ತು. 1984ರಲ್ಲಿ ಹುಟ್ಟಿದ ಟೈಟಾನ್, ಎಲೆಕ್ಟ್ರಾನಿಕ್ ಸಿಟಿಯಿಂದ ಅದೇ ಹೆದ್ದಾರಿಯಲ್ಲಿ ಮುಂದೆ ಹೋದರೆ ಸಿಗುವ ಹೊಸೂರಿನಲ್ಲಿ, ಕ್ವಾರ್ಟ್ಝ್ ಮೇಲೆಯೇ ಪಣ ಕಟ್ಟಿತು. ಎಚ್‌ಎಂಟಿಯಲ್ಲಿ ಪಳಗಿದ ಕೆಲವರು ಅಲ್ಲಿಗೆ ಹೋದರು. 2016ರಲ್ಲಿ ಕೇಂದ್ರ ಸರಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಒಂದು ಸಂಸ್ಥೆಗೆ ವಿಷಯ ಗೊತ್ತಿರುವುದು ಬೇರೆ, ತೀರ್ಮಾನ ಮಾಡುವವರ ಮೇಜಿನ ಮೇಲೆ ಆ ವಿಷಯಕ್ಕೆ ಬೆಲೆ ಇರುವುದು ಬೇರೆ. ಮೊದಲನೆಯದನ್ನು ಯಾವ ಕಂಪ್ಯೂಟರಿನಲ್ಲಾದರೂ ತುಂಬಿಡಬಹುದು.

1991ರ ನಂತರದ ಹೊಸ ಆರ್ಥಿಕ ನೀತಿಯ ದಿನಗಳಲ್ಲಿ ಸಾರ್ವಜನಿಕ ವಲಯದ ಕಾರ್ಖಾನೆಗಳಲ್ಲಿ ‘ಸ್ವಯಂನಿವೃತ್ತಿ’ ಎಂಬ ಪದ ಮನೆಮಾತಾಯಿತು. ಲೆಕ್ಕಪತ್ರದಲ್ಲಿ ಅದು ವೆಚ್ಚದ ಕಡಿತ. ಹೋದವರು ಏನೇನು ಹೊತ್ತುಕೊಂಡು ಹೋದರು ಎಂಬುದಕ್ಕೆ ಲೆಕ್ಕಪತ್ರದಲ್ಲಿ ಕಾಲಂ ಇರಲಿಲ್ಲ. ಅವರಲ್ಲಿ ಎಷ್ಟೋ ಮಂದಿ ಬಹಳ ದೂರವೇನೂ ಹೋಗಲಿಲ್ಲ. ಜಾಲಹಳ್ಳಿಯಿಂದ ತುಮಕೂರು ರಸ್ತೆ ದಾಟಿದರೆ ಪೀಣ್ಯ. 1970ರ ದಶಕದಲ್ಲಿ ರೂಪುಗೊಂಡ ಆ ಕೈಗಾರಿಕಾ ಪ್ರದೇಶದಲ್ಲಿ ಎಚ್‌ಎಂಟಿ, ಬಿಇಎಲ್, ಕಿರ್ಲೋಸ್ಕರ್ ಮುಂತಾದ ಕಡೆ ಕೈ ಪಳಗಿಸಿಕೊಂಡವರು ಒಂದು ಲೇಥ್, ಒಂದು ಡ್ರಿಲ್ಲಿಂಗ್ ಯಂತ್ರ ಇಟ್ಟುಕೊಂಡು ಶೆಡ್ಡು ಹಾಕಿದರು. ಸಂಸ್ಥೆ ಕುಗ್ಗಿದರೂ ಅರಿವು ಸಾಯಲಿಲ್ಲ, ಮನೆ ಬದಲಾಯಿಸಿತು. ಪೀಣ್ಯದ ಏಳಿಗೆಯ ಕತೆಯಲ್ಲಿ ಈ ಅಧ್ಯಾಯಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ ಎಂದು ನಮ್ಮ ಅನಿಸಿಕೆ.

ಪೀಣ್ಯದ ಯಾವುದೇ ಸಣ್ಣ ಶೆಡ್ಡಿಗೆ ಹೋಗಿ ಅರ್ಧ ಗಂಟೆ ನಿಂತರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಹಳೆಯ ಟರ್ನರ್ ಯಂತ್ರವನ್ನು ನೋಡುವುದಕ್ಕಿಂತ ಹೆಚ್ಚಾಗಿ ಕೇಳುತ್ತಿರುತ್ತಾನೆ. ಉಳಿ ಮೊಂಡಾದರೆ ಸದ್ದು ಬೇರೆ, ಕೆಲಸ ಹಿಡಿದ ಚಕ್ ಸಡಿಲವಾದರೆ ಸದ್ದು ಬೇರೆ. ಚೂರುಗಳ ಬಣ್ಣ ನೀಲಿಗೆ ತಿರುಗಿತೆಂದರೆ ಅವನ ಕೈ ತಾನಾಗಿ ಹಿಡಿಕೆಯತ್ತ ಹೋಗುತ್ತದೆ. ಏಕೆ ಹಾಗೆ ಮಾಡಿದಿರಿ ಎಂದು ಕೇಳಿದರೆ, ‘ಗೊತ್ತಾಗುತ್ತೆ ಸಾರ್’ ಎನ್ನುತ್ತಾನೆ. ಹಂಗೇರಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಚಿಂತಕ ಮೈಕೆಲ್ ಪೊಲಾನಿ 1966ರ ತನ್ನ ಪುಸ್ತಕದಲ್ಲಿ ಇಡೀ ವಾದ ಕಟ್ಟಿದ್ದು ಇದರ ಮೇಲೆಯೇ: ನಾವು ಹೇಳಬಲ್ಲದ್ದಕ್ಕಿಂತ ನಮಗೆ ತಿಳಿದಿರುವುದು ಹೆಚ್ಚು. ಜಪಾನಿನ ಇಕುಜಿರೊ ನೊನಾಕ ಮತ್ತು ಹಿರೊತಾಕ ತಾಕೆಉಚಿ 1995ರಲ್ಲಿ ಬರೆದ ಪುಸ್ತಕದಲ್ಲಿ ಒಂದು ಸೊಗಸಾದ ಪ್ರಸಂಗವಿದೆ. ಮತ್ಸುಶಿತ ಕಂಪನಿ ಮನೆಯಲ್ಲಿ ಬ್ರೆಡ್ಡು ಮಾಡುವ ಯಂತ್ರ ತಯಾರಿಸಲು ಹೊರಟಿತು. ಎಷ್ಟು ಮಾಡಿದರೂ ಒಳಗೆ ಹಸಿ, ಹೊರಗೆ ಸೀದು. ಕೊನೆಗೆ ಸಾಫ್ಟ್‌ವೇರ್ ವಿಭಾಗದ ಇಕುಕೊ ತನಾಕ ಎಂಬಾಕೆ ಒಸಾಕದ ಹೋಟೆಲೊಂದರ ಹೆಸರುವಾಸಿ ಬೇಕರಿ ಬಾಣಸಿಗನ ಕೈಕೆಳಗೆ ಹಿಟ್ಟು ನಾದಲು ನಿಂತರು. ಆತ ಹಿಟ್ಟನ್ನು ಎಳೆಯುವುದರ ಜೊತೆಗೆ ತಿರುಚುತ್ತಾನೆ ಎಂಬುದು ಅಲ್ಲಿ ಅವರಿಗೆ ಹೊಳೆಯಿತು. ಬಾಣಸಿಗ ಅದನ್ನು ಮುಚ್ಚಿಟ್ಟಿರಲಿಲ್ಲ. ತಾನು ಹಾಗೆ ಮಾಡುತ್ತೇನೆ ಎಂಬುದೇ ಅವನ ಗಮನಕ್ಕೆ ಬಂದಿರಲಿಲ್ಲ.

ಜಪಾನಿನವರೆಗೆ ಹೋಗುವುದೇಕೆ, ನಮ್ಮ ಬೀದರಿನಲ್ಲೇ ಉದಾಹರಣೆಯಿದೆ. ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿ ಕೂರಿಸಿದ ಬಿದ್ರಿ ಪಾತ್ರೆಗೆ ಕೊನೆಯಲ್ಲಿ ಕಪ್ಪು ಹೊಳಪು ಬರುವುದು ಬೀದರ್ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರದ ಲೇಪದಿಂದ. ಎಲ್ಲ ಮಣ್ಣೂ ಆಗುವುದಿಲ್ಲ. ಕುಶಲಕರ್ಮಿ ಚಿಟಿಕೆ ಮಣ್ಣನ್ನು ನಾಲಗೆಗೆ ಹಾಕಿ ನೋಡುತ್ತಾನೆ. ಆ ರುಚಿಯನ್ನು ಯಾವ ಭಾಷೆಯಲ್ಲಿ ಬರೆದಿಡುವುದು? ಬಿದ್ರಿಗೆ 2006ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು, 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ನಾಲಗೆಯ ಆ ತಿಳಿವಳಿಕೆ ಮಾತ್ರ ಇನ್ನೂ ಉಸ್ತಾದನಿಂದ ಶಾಗಿರ್ದನಿಗೆ, ತಂದೆಯಿಂದ ಮಗನಿಗೆ ಹೋಗಬೇಕು.

ಆದರೆ ಉಸ್ತಾದ್ ಪದ್ಧತಿಯನ್ನು ನಾವು ಬರಿದೇ ಹೊಗಳುವುದೂ ಸರಿಯಲ್ಲ. ಉಸ್ತಾದರು ಎಲ್ಲವನ್ನೂ ಕಲಿಸಿ ಒಂದನ್ನು ಉಳಿಸಿಕೊಳ್ಳುತ್ತಾರೆ ಎಂಬ ದೂರು ಗ್ಯಾರೇಜುಗಳಲ್ಲೂ ವರ್ಕ್‌ಶಾಪುಗಳಲ್ಲೂ ಹಳೆಯದು. ಹುಲಿಗೆ ಎಲ್ಲ ಕಲಿಸಿದ ಬೆಕ್ಕು ಮರ ಹತ್ತುವುದನ್ನು ಮಾತ್ರ ಕಲಿಸಲಿಲ್ಲವಂತೆ. ಇದನ್ನು ಸಣ್ಣತನ ಎಂದು ತಳ್ಳಿಹಾಕುವುದು ಸುಲಭ. ಪಿಂಚಣಿಯಿಲ್ಲದ, ನಾಳೆಯ ಖಾತರಿಯಿಲ್ಲದ ಮನುಷ್ಯನಿಗೆ ಆ ಒಂದು ಗುಟ್ಟೇ ಭವಿಷ್ಯನಿಧಿ. ಅದನ್ನು ಬಿಟ್ಟುಕೊಡು ಎಂದು ಕೇಳುವವರು ಬದಲಿಗೆ ಏನು ಕೊಡುತ್ತಾರೆ ಎಂಬ ಪ್ರಶ್ನೆ ಅಲ್ಲಿದೆ. ಗಾಜಿನ ಕಟ್ಟಡಗಳ ಒಳಗೂ ಇದೇ ಪ್ರಶ್ನೆಯನ್ನು ನಾವು ಮತ್ತೆ ಕಾಣಲಿದ್ದೇವೆ.

ಪೀಣ್ಯದ ದೊಡ್ಡ ಘಟಕಗಳಿಗೆ 1990ರ ದಶಕದಲ್ಲಿ ಐಎಸ್‌ಒ 9000 ಬಂತು. ಮಾಡುವುದನ್ನು ಬರೆ, ಬರೆದದ್ದನ್ನು ಮಾಡು ಎಂಬುದು ಅದರ ಸಾರ. ತತ್ವ ಒಳ್ಳೆಯದು. ಆಚರಣೆಯಲ್ಲಿ ಎಷ್ಟೋ ಕಡೆ ಆಡಿಟ್ ಬರುವ ಹಿಂದಿನ ವಾರ ರಾತ್ರಿಯೆಲ್ಲಾ ಕೂತು ಆರು ತಿಂಗಳ ದಾಖಲೆಗಳನ್ನು ಒಟ್ಟಿಗೆ ತುಂಬಿ, ಬೇರೆ ಬೇರೆ ಬಣ್ಣದ ಪೆನ್ನುಗಳಲ್ಲಿ ಸಹಿ ಹಾಕುವ ಕಲೆಯಾಗಿ ಅದು ಬೆಳೆಯಿತು. ಪ್ರಮಾಣಪತ್ರ ಸ್ವಾಗತಕೋಣೆಯ ಗೋಡೆಗೆ, ಕೆಲಸದ ಗುಟ್ಟು ಯಥಾಪ್ರಕಾರ ಟರ್ನರನ ಕಿವಿಯಲ್ಲಿ.

ಈಗ ನಗರದ ಇನ್ನೊಂದು ತುದಿಗೆ ಬರೋಣ. ಇಂದು ಪೀಣ್ಯದಲ್ಲಿ ಮೆಟ್ರೊ ಹತ್ತಿ ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಿಸಿದರೆ ಎಲೆಕ್ಟ್ರಾನಿಕ್ ಸಿಟಿ. 2025ರ ಆಗಸ್ಟ್‌ಗೆ ಮೊದಲು ಈ ಸೌಲಭ್ಯ ಇರಲಿಲ್ಲ. ಕೊನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ 1978ರಲ್ಲಿ ಕಿಯೋನಿಕ್ಸ್ ಇದನ್ನು ಆರಂಭಿಸಿತು; ಆರ್.ಕೆ. ಬಾಳಿಗರ ಕನಸು ಅದು. ಆಗ ಅಲ್ಲಿಗೆ ಬರಲು ಉದ್ಯಮಿಗಳನ್ನು ಕಾಡಿ ಬೇಡಬೇಕಿತ್ತು. ದಿಕ್ಕು ಬದಲಾದದ್ದು ಸಾಫ್ಟ್‌ವೇರ್‌ನಿಂದ. ಆ ಸಾಫ್ಟ್‌ವೇರ್ ಬೆಳೆದ ಕಾರಣಗಳಲ್ಲಿ ಒಂದನ್ನು ನಮ್ಮ ವಿಷಯದ ಕಣ್ಣಿನಿಂದ ನೋಡಿದರೆ ಬೆರಗಾಗುತ್ತದೆ.

1960-70ರ ದಶಕಗಳಲ್ಲಿ ಅಮೆರಿಕದ ಬ್ಯಾಂಕು, ವಿಮಾ ಕಂಪನಿಗಳಿಗೆ ಕೋಬಾಲ್ ಭಾಷೆಯಲ್ಲಿ ಪ್ರೋಗ್ರಾಂ ಬರೆದವರು ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿದ್ದರು. ಕಂಪ್ಯೂಟರಿನ ನೆನಪಿನಶಕ್ತಿ ಆಗ ತುಟ್ಟಿ. 1999 ಮುಗಿದು 2000 ಬಂದರೆ ‘00’ ಎಂಬುದನ್ನು ಯಂತ್ರ 1900 ಎಂದುಕೊಂಡರೆ ಗತಿಯೇನು? ಇದೇ ಹೆಸರಾಂತ ‘ವೈ2ಕೆ’ ಸಮಸ್ಯೆ. ತಿದ್ದುವುದು ಕಷ್ಟದ ಕೆಲಸವಲ್ಲ; ಎಲ್ಲಿ ತಿದ್ದಬೇಕೆಂದು ಹುಡುಕುವುದೇ ಕಷ್ಟ. ಬರೆದವರಲ್ಲಿ ಹಲವರು ನಿವೃತ್ತರಾಗಿದ್ದರು, ಕೆಲವರು ತೀರಿಕೊಂಡಿದ್ದರು. ಏನು ಬರೆದಿದ್ದೇವೆ, ಏಕೆ ಹಾಗೆ ಬರೆದಿದ್ದೇವೆ ಎಂಬ ವಿವರಣೆ ಎಷ್ಟೋ ಕಡೆ ಇರಲೇ ಇಲ್ಲ. ತಾವೇ ದುಡ್ಡು ಕೊಟ್ಟು ಬರೆಸಿದ ಪ್ರೋಗ್ರಾಂ ಕಂಪನಿಗಳಿಗೆ ಹಳಗನ್ನಡದ ಶಾಸನದಂತೆ ಆಗಿಹೋಗಿತ್ತು. ಅದನ್ನು ಸಾಲು ಸಾಲಾಗಿ ಓದುವ ತಾಳ್ಮೆಯವರು ಬೇಕಾದರು, ಬೆಂಗಳೂರು ಕೈ ಎತ್ತಿತು. ಅಲ್ಲಿನವರು ತಮ್ಮ ಅರಿವನ್ನು ಕಾಪಾಡಿಕೊಳ್ಳದೆ ಹೋದದ್ದೇ ಇಲ್ಲಿನವರಿಗೆ ಮೊದಲ ದೊಡ್ಡ ಅನ್ನವಾಯಿತು. ಹೀಗಿರುವಾಗ ಆ ತಪ್ಪನ್ನು ತಾವು ಮಾಡಬಾರದೆಂದು ಇಲ್ಲಿನ ಕಂಪನಿಗಳಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ.

ಇನ್ಫೋಸಿಸ್‌ನ ಪ್ರಯೋಗ ಈ ವಿಷಯದಲ್ಲಿ ಹೆಚ್ಚು ಚರ್ಚೆಯಾದದ್ದು. 1981ರಲ್ಲಿ ಪುಣೆಯಲ್ಲಿ ಹುಟ್ಟಿ 1983ರಲ್ಲಿ ಬೆಂಗಳೂರಿಗೆ ಬಂದ ಕಂಪನಿಯಲ್ಲಿ 1990ರ ದಶಕದ ಆರಂಭದಲ್ಲೇ ನೌಕರರು ತಮ್ಮ ಅನುಭವಗಳನ್ನು ಬರೆದಿಡುವ ಪದ್ಧತಿ ಶುರುವಾಗಿತ್ತು. ಅಮೆರಿಕದ ಯಾವುದೋ ಗ್ರಾಹಕನ ಬಳಿ ಕೆಲಸ ಮಾಡಿ ಬಂದವರು ತಾವು ಅಲ್ಲಿ ಎಡವಿದ್ದನ್ನೂ ಕಲಿತದ್ದನ್ನೂ ಮುಂದಿನವರಿಗಾಗಿ ಬರೆಯಬೇಕು. ಆಗ ನೌಕರರು ಕೆಲವೇ ನೂರು. ಬರೆಯದಿದ್ದರೂ ಕ್ಯಾಂಟೀನಿನಲ್ಲಿ ಕೇಳಬಹುದಿತ್ತು. 1999ರ ಹೊತ್ತಿಗೆ ನಾಲ್ಕು ಸಾವಿರದ ಹತ್ತಿರ ಬಂದರು, 2001ರ ಮಾರ್ಚ್ ವೇಳೆಗೆ ಹತ್ತು ಸಾವಿರದ ಹತ್ತಿರ. ಯಾರಿಗೆ ಏನು ಗೊತ್ತು ಎಂಬುದೇ ಯಾರಿಗೂ ಗೊತ್ತಿರದ ಸ್ಥಿತಿ. ಭುವನೇಶ್ವರದಲ್ಲಿ ಒಂದು ತಂಡ ಬಿಡಿಸಿದ ಗಂಟನ್ನು ಬೆಂಗಳೂರಿನ ತಂಡ ಮತ್ತೆ ಮೊದಲಿನಿಂದ ಬಿಡಿಸುತ್ತಾ ಕೂರಬೇಕು.

ಹಾಗಾಗಿ ಕೇಂದ್ರ ತಂಡವೊಂದು ರಚನೆಯಾಯಿತು. ‘ಒಮ್ಮೆ ಕಲಿ, ಎಲ್ಲೆಡೆ ಬಳಸು’ ಎಂಬರ್ಥದ ಘೋಷಣೆ ಬಂತು. ‘ಕೆ-ಶಾಪ್’ ಎಂಬ ಅರಿವಿನ ಅಂಗಡಿ ಕಂಪನಿಯ ಒಳಜಾಲದಲ್ಲಿ ತೆರೆಯಿತು. ಯಾರು ಯಾವುದರಲ್ಲಿ ನಿಪುಣರು ಎಂಬ ಪಟ್ಟಿಯೂ ಸಿದ್ಧವಾಯಿತು. ಅಂಗಡಿ ತೆರೆದರೆ ಸಾಲದು, ಸರಕು ಬರಬೇಕು. ಜನ ಬಿಡುವಿಲ್ಲದವರು, ಬರೆಯುವುದಿಲ್ಲ. 2001ರಲ್ಲಿ ಒಂದು ಉಪಾಯ ಮಾಡಲಾಯಿತು: ‘ನಾಲೆಡ್ಜ್ ಕರೆನ್ಸಿ ಯೂನಿಟ್’, ಅಂದರೆ ಅರಿವಿನ ನಾಣ್ಯ. ಬರಹ ಕೊಟ್ಟವರಿಗೆ ಇಷ್ಟು ನಾಣ್ಯ, ಅದನ್ನು ಪರಿಶೀಲಿಸಿದವರಿಗೆ ಇಷ್ಟು. ಕೂಡಿಟ್ಟ ನಾಣ್ಯಗಳನ್ನು ಹಣಕ್ಕೋ ಉಡುಗೊರೆಗೋ ಬದಲಾಯಿಸಿಕೊಳ್ಳಬಹುದು.

ಬರಹಗಳ ಪ್ರವಾಹವೇ ಬಂತು. ಈ ಪ್ರಯೋಗವನ್ನು ಹತ್ತಿರದಿಂದ ಅಧ್ಯಯನ ಮಾಡಿದ ರಘು ಗರುಡ್ ಮತ್ತು ಅರುಣ್ ಕುಮಾರಸ್ವಾಮಿ 2005ರಲ್ಲಿ ಪ್ರಕಟಿಸಿದ ಲೇಖನದಂತೆ, ಒಂದು ವರ್ಷದಲ್ಲಿ 2,400ಕ್ಕೂ ಹೆಚ್ಚು ಹೊಸ ಬರಹಗಳು ಸೇರಿದವು. ಸುಮಾರು ಐವರಲ್ಲಿ ಒಬ್ಬ ನೌಕರ ಏನಾದರೊಂದನ್ನು ಕೊಟ್ಟಿದ್ದ. ಇಷ್ಟಕ್ಕೇ ನಿಂತಿದ್ದರೆ ಇದು ಗೆಲುವಿನ ಕತೆ. ಆದರೆ ಅದೇ ಲೇಖಕರು ತೋರಿಸುವಂತೆ ಚಕ್ರ ಹಿಂದಕ್ಕೆ ತಿರುಗತೊಡಗಿತು. ನಾಣ್ಯಕ್ಕಾಗಿ ಬರೆದ ತೆಳು ಬರಹಗಳು ತುಂಬಿಕೊಂಡವು. ಪರಿಶೀಲಿಸಬೇಕಾದ ನಿಪುಣರ ಮೇಲೆ ಹೊರೆ ಬಿತ್ತು. ಅವರಿಗೆ ಅವರದೇ ಕೆಲಸ ಮೂಟೆಯಷ್ಟಿತ್ತು. ಪರಿಚಯದವರ ಬರಹಕ್ಕೆ ಧಾರಾಳ ಅಂಕ ಕೊಡುವ ಸ್ನೇಹಾಚಾರವೂ ನುಸುಳಿತು. ಹುಡುಕಿದವನಿಗೆ ನೂರು ಸಿಕ್ಕಿ, ಬೇಕಾದ್ದು ಯಾವುದೆಂದು ತಿಳಿಯದಾಯಿತು. ಹಣದುಬ್ಬರದಲ್ಲಿ ನೋಟಿಗೆ ಆಗುವ ಗತಿಯೇ ಅರಿವಿನ ನಾಣ್ಯಕ್ಕೂ ಆಯಿತು. ಇನ್ನೂ ಸೂಕ್ಷ್ಮವಾದ ನಷ್ಟವೊಂದಿತ್ತು. ಹಿಂದೆ ಪಕ್ಕದವನು ಕೇಳಿದರೆ ಹೇಳುವುದು ಸಹಜ ಸೌಜನ್ಯ. ಅದಕ್ಕೊಂದು ದರ ನಿಗದಿಯಾದ ಮೇಲೆ, ದರವಿಲ್ಲದೆ ಏಕೆ ಹೇಳಬೇಕು ಎಂಬ ಯೋಚನೆಗೂ ಬಾಗಿಲು ತೆರೆಯಿತು. ನೆರೆಮನೆಯವರು ಕೊಟ್ಟ ಮೊಸರಿಗೆ ಒಮ್ಮೆ ಚಿಲ್ಲರೆ ಎಣಿಸಿಕೊಟ್ಟು ನೋಡಿ, ಮರುದಿನದಿಂದ ಅವರು ಮೊಸರು ತರುವುದಿಲ್ಲ, ಮಾರುತ್ತಾರೆ.

ಇನ್ಫೋಸಿಸ್ ಬಗ್ಗೆ ಮೆಚ್ಚಬೇಕಾದ ಮಾತೂ ಇದೆ. ಅದು ತಪ್ಪನ್ನು ಮುಚ್ಚಿಡಲಿಲ್ಲ. ಮೇಲಿನ ಅಧ್ಯಯನ ಸಾಧ್ಯವಾದದ್ದೇ ಕಂಪನಿಯವರು ಹೇಳಿಕೊಂಡದ್ದರಿಂದ. 2002ರ ಹೊತ್ತಿಗೆ ನಿಯಮಗಳು ಬದಲಾದವು. ಹಣದ ಕೊಂಡಿ ಸಡಿಲವಾಯಿತು. ಬರೆದವನ ಎಣಿಕೆಗಿಂತ ಬಳಸಿದವನ ಅಭಿಪ್ರಾಯಕ್ಕೆ ತೂಕ ಬಂತು. ಉತ್ತಮವಾಗಿ ಕೊಟ್ಟವರನ್ನು ಎಲ್ಲರೆದುರು ಗುರುತಿಸುವ ಪದ್ಧತಿ ಬಂತು. ಒಬ್ಬೊಬ್ಬರು ಎಷ್ಟು ಬರೆದರು ಎಂಬುದನ್ನು ಬಿಟ್ಟು, ಒಂದು ಯೋಜನೆಯ ತಂಡ ಹಳೆಯದನ್ನು ಎಷ್ಟು ಬಳಸಿಕೊಂಡಿತು ಎಂದು ನೋಡತೊಡಗಿದರು. 2003ರಲ್ಲಿ ಅರಿವನ್ನು ಚೆನ್ನಾಗಿ ನಿಭಾಯಿಸುವ ಜಗತ್ತಿನ ಕಂಪನಿಗಳ ‘ಮೇಕ್’ ಪಟ್ಟಿಯಲ್ಲಿ ಸ್ಥಾನ ಪಡೆದ ಮೊದಲ ಭಾರತೀಯ ಕಂಪನಿ ಅದಾಯಿತು. ಪ್ರಶಸ್ತಿಗಿಂತ ಆ ಹಿಂಜರಿದು ತಿದ್ದಿಕೊಂಡ ವರ್ಷವೇ ನಮಗೆ ಹೆಚ್ಚು ಪಾಠ ಹೇಳುವಂಥದ್ದು.

ಇದೇ ಕಾಲದಲ್ಲಿ ಝೆರಾಕ್ಸ್ ಕಂಪನಿಯಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಜೂಲಿಯನ್ ಆರ್ ಎಂಬ ಮಾನವಶಾಸ್ತ್ರಜ್ಞ ನಕಲುಯಂತ್ರ ರಿಪೇರಿಯವರ ಜೊತೆ ಅಲೆದು, ಅವರು ಕಲಿಯುವುದು ಕೈಪಿಡಿಯಿಂದಲ್ಲ, ಊಟದ ಮೇಜಿನ ಹರಟೆಯಿಂದ ಎಂದು ಕಂಡುಕೊಂಡಿದ್ದ. ‘ಮೊನ್ನೆ ಒಂದು ಯಂತ್ರ ಹೀಗೆ ಆಟ ಆಡಿಸಿತು’ ಎಂದು ಒಬ್ಬ ಶುರು ಮಾಡಿದರೆ ಉಳಿದವರ ಕಿವಿ ನೆಟ್ಟಗಾಗುತ್ತಿತ್ತು. ಆ ಹರಟೆಗೆ ಕಂಪ್ಯೂಟರಿನ ರೂಪ ಕೊಟ್ಟ ‘ಯುರೇಕಾ’ ಎಂಬ ವ್ಯವಸ್ಥೆ 1990ರ ದಶಕದಲ್ಲಿ ಫ್ರಾನ್ಸಿನಿಂದ ಆರಂಭವಾಯಿತು. ಸಲಹೆ ಬರೆದವನಿಗೆ ದುಡ್ಡು ಕೊಡೋಣವೇ ಎಂಬ ಮಾತು ಬಂದಾಗ ರಿಪೇರಿಯವರು ಬೇಡವೆಂದರು. ಎಣಿಕೆ ಮುಖ್ಯವಾಗಿ ಗುಣ ಹಿಂದೆ ಬೀಳುತ್ತದೆ ಎಂಬುದು ಅವರ ಅಂಜಿಕೆ. ಬದಲಿಗೆ ಅವರು ಕೇಳಿದ್ದು ಒಂದೇ: ಸಲಹೆಯ ಜೊತೆ ನಮ್ಮ ಹೆಸರಿರಲಿ. ಸಲಹೆಯನ್ನು ಪರಿಶೀಲಿಸುವವರೂ ಅದೇ ಕಸುಬಿನವರಿರಲಿ. ಅದು ನಡೆಯಿತು, ವರ್ಷಗಟ್ಟಲೆ ನಡೆಯಿತು.

ಹೆಸರಿನ ಮಾತು ಬಂದಾಗ ನಮಗೆ ಹದೀಸ್ ವಿದ್ವಾಂಸರ ನೆನಪಾಗದಿರದು. ಇಮಾಮ್ ಬುಖಾರಿಯಂಥವರು ಒಂಬತ್ತನೇ ಶತಮಾನದಲ್ಲಿ ಊರೂರು ಅಲೆದು ಸಂಗ್ರಹಿಸುವಾಗ ಮಾತೊಂದನ್ನು ಕೇಳಿ ಸುಮ್ಮನೆ ಬರೆದುಕೊಳ್ಳಲಿಲ್ಲ. ಇದನ್ನು ಯಾರಿಂದ ಕೇಳಿದಿರಿ, ಅವರು ಯಾರಿಂದ, ಇಬ್ಬರೂ ಒಂದೇ ಕಾಲದಲ್ಲಿದ್ದರೇ, ಹೇಳಿದವರ ನೆನಪು ಗಟ್ಟಿಯೇ, ನಡತೆ ನೇರವೇ ಎಂದು ವಿಚಾರಿಸಿದರು. ಈ ಸರಪಳಿಗೆ ಇಸ್ನಾದ್ ಎಂದು ಹೆಸರು. ಸರಪಳಿಯ ವ್ಯಕ್ತಿಗಳನ್ನು ತೂಗಿ ನೋಡಲೆಂದೇ ಒಂದು ಶಾಸ್ತ್ರ ಬೆಳೆಯಿತು. ಸಾವಿರಾರು ಜನರ ಜೀವನವಿವರಗಳು ದಾಖಲಾದವು. ಗುರುವಿನ ಬಳಿ ಓದಿ ಮುಗಿಸಿದವನಿಗೆ ಮುಂದೆ ಕಲಿಸಲು ಸಿಗುತ್ತಿದ್ದ ಇಜಾಝತ್ ಪತ್ರದಲ್ಲೂ ಈ ಸರಪಳಿಯದೇ ಬಲ. ಅಂದರೆ ಬರಹವಿತ್ತು, ಆದರೆ ಬರಹದ ಹಿಂದೆ ಹೆಸರಿಟ್ಟು ನಿಂತ ಮನುಷ್ಯನೂ ಇದ್ದ. ಧಾರ್ಮಿಕ ಪರಂಪರೆಯನ್ನು ಕಂಪನಿಯ ಕಡತಕ್ಕೆ ಹೋಲಿಸುವುದು ನಮ್ಮ ಉದ್ದೇಶವಲ್ಲ. ಅರಿವನ್ನು ಸಾಗಿಸುವ ಮುಂಚೆ ಸಾಗಿಸುವವನನ್ನು ನೋಡಬೇಕೆಂಬ ವಿವೇಕ ಎಷ್ಟು ಹಳೆಯದು ಎಂದಷ್ಟೇ ಹೇಳುತ್ತಿದ್ದೇವೆ.

ಉಸ್ತಾದನ ಉಳಿಸಿಕೊಂಡ ಗುಟ್ಟಿನ ಪ್ರಶ್ನೆಗೆ ಈಗ ಮರಳಬಹುದು. 1911ರಲ್ಲಿ ಅಮೆರಿಕದ ಫ್ರೆಡ್ರಿಕ್ ಟೇಲರ್ ‘ವೈಜ್ಞಾನಿಕ ಆಡಳಿತ’ದ ಬಗ್ಗೆ ಬರೆದ ಪುಸ್ತಕದಲ್ಲಿ, ಕಾರ್ಮಿಕರು ಪರಂಪರೆಯಿಂದ ಹೊತ್ತು ತಂದ ತಿಳಿವಳಿಕೆಯನ್ನೆಲ್ಲ ಆಡಳಿತದವರು ಸಂಗ್ರಹಿಸಿ ನಿಯಮಗಳಾಗಿ ಬರೆದುಕೊಳ್ಳಬೇಕು ಎಂದು ಮುಚ್ಚುಮರೆಯಿಲ್ಲದೆ ಹೇಳಿದ. ಆಮೇಲೆ ಯಾರು ಬೇಕಾದರೂ ಆ ಜಾಗದಲ್ಲಿ ನಿಲ್ಲಬಹುದು. ನಾಲೆಡ್ಜ್ ಮ್ಯಾನೇಜ್‌ಮೆಂಟ್ ಎಂಬುದು ಇದೇ ಬಯಕೆಯ ಸಭ್ಯ ರೂಪವೇ ಎಂಬ ಸಂಶಯ ನೌಕರನ ಮನಸ್ಸಿನಲ್ಲಿದ್ದರೆ ಅವನನ್ನು ದೂರುವುದು ಹೇಗೆ? ಐಟಿ ಪ್ರದೇಶದಲ್ಲಿ ‘ಕೆ.ಟಿ.’ ಎಂಬ ಎರಡಕ್ಷರ ಎಲ್ಲರಿಗೂ ಗೊತ್ತು: ನಾಲೆಡ್ಜ್ ಟ್ರಾನ್ಸ್‌ಫರ್. ಕೆಲಸ ಬಿಡುವವನು ಎರಡು ಮೂರು ತಿಂಗಳ ನೋಟಿಸಿನ ಅವಧಿಯಲ್ಲಿ ತನ್ನ ಜಾಗಕ್ಕೆ ಬರುವವನಿಗೆ ಎಲ್ಲವನ್ನೂ ಒಪ್ಪಿಸಿ ಹೋಗಬೇಕು. ತಾನಾಗಿ ಬಿಡುವವನು ಅರೆಮನಸ್ಸಿನಿಂದಲಾದರೂ ಹೇಳುತ್ತಾನೆ. ತೆಗೆದುಹಾಕಲ್ಪಟ್ಟವನಿಂದ ಕೇಳಿದರೆ? ಅಮೆರಿಕದ ಒರ್ಲ್ಯಾಂಡೊದ ಡಿಸ್ನಿ ಕಂಪನಿಯಲ್ಲಿ ಸುಮಾರು 250 ಮಂದಿ ತಂತ್ರಜ್ಞರಿಗೆ 2014ರ ಕೊನೆಯಲ್ಲಿ ಕೆಲಸ ಹೋಗುವ ಸುದ್ದಿ ಹೇಳಿ, ಭಾರತದ ಹೊರಗುತ್ತಿಗೆ ಕಂಪನಿಯಿಂದ ಬಂದವರಿಗೆ ಹೋಗುವ ಮುನ್ನ ಕಲಿಸಿಕೊಡಿ ಎಂದರು. 2015ರಲ್ಲಿ ಅದು ಅಲ್ಲಿನ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಕಲಿಸುವವನ ಪಕ್ಕದ ಕುರ್ಚಿಯಲ್ಲಿ ಕೂತ ನಮ್ಮ ಹುಡುಗನ ಸಂಕಟವನ್ನು ಯಾವ ಪತ್ರಿಕೆಯೂ ಬರೆದಂತಿಲ್ಲ. ಇಬ್ಬರ ನಡುವೆ ಆ ದಿನಗಳಲ್ಲಿ ಎಷ್ಟು ಅರಿವು ದಾಟಿರಬಹುದು ಎಂಬುದನ್ನು ಓದುಗರ ಊಹೆಗೆ ಬಿಡುತ್ತೇವೆ.

ಎಚ್‌ಎಂಟಿಯ ಹಳೆಯ ಕಾರ್ಮಿಕ ಹುಡುಗರಿಗೆ ಕೈಹಿಡಿದು ಕಲಿಸಿದ್ದರಲ್ಲಿ ವಿಶೇಷ ತ್ಯಾಗವೇನೂ ಇರಲಿಲ್ಲ. ಕ್ವಾರ್ಟರ್ಸ್ ಇತ್ತು, ಭವಿಷ್ಯನಿಧಿ ಇತ್ತು, ಕಲಿಸಿದ ಮರುದಿನ ತನ್ನನ್ನು ಕಳಿಸಿಬಿಡುವುದಿಲ್ಲ ಎಂಬ ಧೈರ್ಯವಿತ್ತು. ಐಟಿ ಕಂಪನಿಗಳು ಹಂಚಿಕೊಳ್ಳುವ ಸಂಸ್ಕೃತಿಯನ್ನು ಪೋಸ್ಟರಿನಲ್ಲಿ ಬೋಧಿಸಿದರೂ ಈ ಧೈರ್ಯವನ್ನು ಕೊಡಲು ಹಿಂದೆಗೆಯುತ್ತವೆ. ನೌಕರರೂ ನಿಲ್ಲುವುದಿಲ್ಲ. ಕೊರೋನ ನಂತರದ ನೌಕರಿ ಸಂತೆಯಲ್ಲಿ, 2022ರ ಮಾರ್ಚ್ ಕೊನೆಯ ಹನ್ನೆರಡು ತಿಂಗಳ ಲೆಕ್ಕದಲ್ಲಿ, ಇನ್ಫೋಸಿಸ್ ಬಿಟ್ಟುಹೋದವರ ಪ್ರಮಾಣ ಶೇಕಡಾ 27.7. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ವರ್ಷದೊಳಗೆ ಎದ್ದುಹೋಗುವ ಮನೆಯಲ್ಲಿ ಯಾವ ಅಡುಗೆಯ ಹದ ಉಳಿದೀತು? ಮನೆಯಿಂದಲೇ ಕೆಲಸ ಮಾಡಿದ ಆ ಎರಡು ವರ್ಷಗಳಲ್ಲಿ ಸೇರಿದ ಹೊಸಬರು ಪಕ್ಕದ ಮೇಜಿನ ಹಿರಿಯನನ್ನು ಕಾಣಲೇ ಇಲ್ಲ ಎಂಬುದನ್ನೂ ಇದಕ್ಕೆ ಸೇರಿಸಬೇಕು.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಹಳೆಯ ಆಸೆ ಮತ್ತೆ ಚಿಗುರಿದೆ. ಕಂಪನಿಯ ಕಡತಗಳನ್ನೆಲ್ಲ ಯಂತ್ರಕ್ಕೆ ಉಣಿಸಿದರೆ, ಕೇಳಿದ್ದಕ್ಕೆ ಅದೇ ಉತ್ತರ ಹೇಳುತ್ತದೆ, ಮನುಷ್ಯನನ್ನು ಹುಡುಕಬೇಕಿಲ್ಲ ಎಂಬ ಮಾತು ವೈಟ್‌ಫೀಲ್ಡ್‌ನ ಸಭಾಂಗಣಗಳಲ್ಲಿ ಈಗ ಜೋರಾಗಿದೆ. ಹುಡುಕುವ ಕೆಲಸ ಹಗುರಾಗುವುದು ನಿಜ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಉಣಿಸುವ ಕಡತಗಳು ಯಾವುವು? ಆಡಿಟ್‌ನ ಹಿಂದಿನ ರಾತ್ರಿ ತುಂಬಿದವು, ನಾಣ್ಯಕ್ಕಾಗಿ ಬರೆದವು, ನೋಟಿಸ್ ಅವಧಿಯಲ್ಲಿ ಮುಖ ಊದಿಸಿಕೊಂಡು ಒಪ್ಪಿಸಿದವು ಎಲ್ಲ ಅದರಲ್ಲಿ ಸೇರಿವೆ. ಯಂತ್ರ ಎಲ್ಲವನ್ನೂ ಒಂದೇ ಗತ್ತಿನಿಂದ ಹೇಳುತ್ತದೆ. ಯಾರಿಂದ ಕೇಳಿದೆ ಎಂದು ಅದನ್ನು ಕೇಳುವ ಅಭ್ಯಾಸ ಕಂಪನಿಗಳಿಗೆ ಇನ್ನೂ ಬಂದಿಲ್ಲ.

ಇತ್ತೀಚೆಗೆ ಪೀಣ್ಯದ ಎರಡನೇ ಹಂತದ ಶೆಡ್ಡೊಂದರಲ್ಲಿ ನಾವು ಸ್ವಲ್ಪ ಹೊತ್ತು ನಿಂತಿದ್ದೆವು. ಹಳೆಯ ಲೇಥ್ ಮೂಲೆ ಸೇರಿದೆ, ಜಾಗದಲ್ಲಿ ಸಿಎನ್‌ಸಿ ಯಂತ್ರ ಬಂದಿದೆ. ಅಳತೆಗಳೆಲ್ಲ ಪ್ರೋಗ್ರಾಂನಲ್ಲಿವೆ, ಗುಂಡಿ ಒತ್ತಿದರೆ ಕೆಲಸ ಶುರು. ನಡೆಸುತ್ತಿದ್ದವನು ಉತ್ತರ ಕರ್ನಾಟಕದ ಕಡೆಯ ಹುಡುಗ, ಬಂದು ಆರು ತಿಂಗಳಾಗಿತ್ತು. ಯಂತ್ರದ ಬಾಗಿಲಿನ ಮೇಲೆ ಚಾಕ್‌ಪೀಸಿನಿಂದ ಯಾರೋ ದಪ್ಪಕ್ಷರದಲ್ಲಿ ಬರೆದಿದ್ದರು: ‘ಮೂರನೇ ಟೂಲ್ ಹುಷಾರ್, ಕೇಳಿ ಹಾಕಿ’. ಯಾರನ್ನು ಕೇಳಬೇಕು ಎಂದೆವು. ಹುಡುಗ ಮೂಲೆಯ ಹಳೆಯ ಲೇಥಿನ ಬಳಿ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದವರತ್ತ ಕೈ ತೋರಿಸಿದ.